ನಡುಬೀದಿಯಲ್ಲಿ ನಿಲ್ಲಬಾರದ ಹೆಜ್ಜೆ

"ಕಾಲು ತಗಿಯೇ ಲೌಡಿ. ಇದು ಯಾರ ಒಸ್ಲು ಅನ್ಕೊಂಡೆ?"

ಮಾತು ಕಿವಿಗೆ ಬೀಳುವ ಮೊದಲೇ ಬಟ್ಟೆ ಅಳೆಯುವ ಕಬ್ಬಿಣದ ಗಜಕಡ್ಡಿ ಕದಿರಮ್ಮನ ಕಣಕಾಲಿನ ಮೂಳೆಗೆ ಬಿದ್ದಿತ್ತು. ಅವಳು ಏಟು ಬಿದ್ದ ಕಾಲನ್ನು ಎತ್ತಿ ಹಿಡಿದು ಒಂಟಿಕಾಲಿನಲ್ಲಿ ನಿಂತಳು. ಅಂಗಾಲಿನಿಂದ ಬಿಳಿ ಬಣ್ಣ ತೊಟ್ಟಿಕ್ಕುತ್ತಿತ್ತು. ಹೊಸ್ತಿಲಿಗೆ ಬಳಿದ ಅರಿಶಿನದ ಮೇಲೆ ಅವಳ ಹೆಬ್ಬೆರಳಿನ ಗುರುತು ಮಾತ್ರ ಮೂಡಿತ್ತು. ಅಂಗಡಿಯ ಜಯರಾಮಪ್ಪ ಆ ಗುರುತನ್ನು ನೋಡಿದ, ಅವಳ ಮುಖ ನೋಡಿದ, ಅದೇ ಮೂಳೆಗೆ ಇನ್ನೊಂದು ಏಟು ಕೊಟ್ಟ.

"ನೀವೇ ಏಳಿದ್ರಲ್ಲ ಸಾವ್ಕಾರ್ರೇ, ಎಜ್ಜೆ ನಮ್ಮಂಗಡಿತಾವ ಮುಗೀಬೇಕು ಅಂತ."

"ಅಂಗಡಿತಾವ ಅಂದೆ. ಒಳಕ್ಕೆ ಬಾ ಅಂದ್ನಾ? ಬೀದಿಯಾಗೆ ನಿಲ್ಸು. ನಿನ್ ಕಾಲು ಏನಿದ್ರೂ ಬೀದಿಗೆ."

ಒಳಗೆ ಬಟ್ಟೆಯ ಥಾನು ಸುತ್ತುತ್ತಿದ್ದ ಆಳು ಆಂಜಿನಪ್ಪನಿಗೆ ಕಣ್ಸನ್ನೆಯಾಯಿತು. ಅವನು ಸೀಮೆಎಣ್ಣೆಯಲ್ಲಿ ಅದ್ದಿದ ಚಿಂದಿ ತಂದು ಹೆಬ್ಬೆರಳಿನ ಗುರುತನ್ನು ಉಜ್ಜಿ ತೆಗೆದ. ಗುರುತಿನ ಜೊತೆ ಅರಿಶಿನವೂ ಹೋಯಿತು. ಅದಕ್ಕೆ ಅವನಿಗೂ ಒಂದು ಬೈಗುಳ ಬಿತ್ತು. ಅಷ್ಟರಲ್ಲಿ ಪೇಂಟರ್ ಸೀನಪ್ಪ ಓಡಿಬಂದು ಕದಿರಮ್ಮನ ರಟ್ಟೆ ಹಿಡಿದು ಬೀದಿಗೆ ಇಳಿಸಿಕೊಂಡ.

ಇದಕ್ಕೆಲ್ಲ ಮೂಲ ಹಳೇಪೇಟೆಯ ವರ್ತಕರ ಸಮಿತಿ ಮಾಡಿದ ಒಂದು ಯೋಚನೆ. ಬಂಗಾರಪೇಟೆ ಜಂಕ್ಷನ್ನಿನಲ್ಲಿ ಇಳಿದು ಮಾರಿಕುಪ್ಪಂ ಗಾಡಿಗೆ ಕಾಯುವ ಜನ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ತೂಕಡಿಸುತ್ತಾರೆ, ಅವರ ಆ ಹೊತ್ತು ನಮ್ಮ ಅಂಗಡಿಗಳಿಗೆ ಬರಬೇಕು ಎಂದು ಸಮಿತಿಗೆ ಹೊಳೆದಿತ್ತು. ಬೋರ್ಡು ಬರೆಸಿದರೆ ಓದು ಬಾರದವರಿಗೆ ತಿಳಿಯದು. ಅದರ ಬದಲು ಗೋಡೆಯ ಮೇಲೆ ಚಿತ್ರ, ನೆಲದ ಮೇಲೆ ಹೆಜ್ಜೆ. ಸ್ಟೇಷನ್ನಿನ ಬಾಗಿಲಲ್ಲಿ ನವಿಲು, ಮೊದಲ ತಿರುವಿನಲ್ಲಿ ಆನೆ, ಎರಡನೆಯದರಲ್ಲಿ ಗಿಣಿ, ಅವುಗಳ ನಡುವೆ ಕಲ್ಲುಚಪ್ಪಡಿಯ ಬೀದಿಯುದ್ದಕ್ಕೂ ಬಿಳಿಯ ಹೆಜ್ಜೆಗಳು. ಹೆಜ್ಜೆ ಹಿಡಿದು ಬಂದವರು ಎಲ್ಲ ಅಂಗಡಿಗಳನ್ನೂ ಹಾದು ಬರಬೇಕು. ಸಮಿತಿಯ ಅಧ್ಯಕ್ಷ ಜಯರಾಮಪ್ಪನಾದ್ದರಿಂದ ಹೆಜ್ಜೆಗಳು ನಿಲ್ಲಬೇಕಾದದ್ದು ಅವನ ಬಟ್ಟೆ ಅಂಗಡಿಯ ಮುಂದೆ.

ಕೆಲಸ ಸಿಕ್ಕಿದ್ದು ಉರಿಗಾಂನ ಸೀನಪ್ಪನಿಗೆ. ಸಿನಿಮಾ ಟೆಂಟಿನ ಬೋರ್ಡು ಬರೆದು ಕೈ ಪಳಗಿದವನು. ಗಣಿಯೊಳಗೆ ದುಡಿದು, ಕೆಮ್ಮಿ ಕೆಮ್ಮಿ ಸತ್ತ ಅವನಪ್ಪನ ಎದೆಯ ಎಕ್ಸ್‌ರೇ ಹಾಳೆಗಳು ಮನೆಯಲ್ಲಿ ಒಂದು ಕಟ್ಟು ಉಳಿದಿದ್ದವು. ಅವನು ಅಚ್ಚು ಕತ್ತರಿಸುತ್ತಿದ್ದುದು ಆ ಹಾಳೆಗಳಲ್ಲೇ. ಅಪ್ಪನ ಪಕ್ಕೆಲುಬಿನ ನಡುವೆ ನವಿಲಿನ ಗರಿ ಕತ್ತರಿಸುತ್ತ, ಬದುಕಿದ್ದಾಗ ಆ ಮನುಷ್ಯ ನನಗೆ ಒಂದು ಪೆನ್ಸಿಲ್ ಕೊಡಿಸಿರಲಿಲ್ಲ ಎಂದು ನಗುತ್ತಿದ್ದ. ಗೋಡೆಗಳಿಗೆ ಮೊದಲು ಸುಣ್ಣ ಬಳಿಯಬೇಕಾಗಿತ್ತು. ಅದಕ್ಕೆ ಕೇರಿಯ ಕದಿರಮ್ಮ ಬಂದಳು. ಊರಿನಲ್ಲಿ ಅವಳು ಸುಣ್ಣ ಹೊಡೆಯದ ಗೋಡೆ ಕಡಿಮೆ. ಆದರೆ ಯಾವ ಗೋಡೆಯ ಒಳಬದಿಯನ್ನೂ ಅವಳು ನೋಡಿರಲಿಲ್ಲ.

ಗೋಡೆಯ ಚಿತ್ರ ಚೆನ್ನಾಗಿ ಬಂತು. ಹೆಜ್ಜೆ ಬರಲಿಲ್ಲ. ಚಪ್ಪಡಿಗಳು ಏರುತಗ್ಗಾಗಿದ್ದವು. ಅಚ್ಚಿನ ಕೆಳಗೆ ಬಣ್ಣ ನುಗ್ಗಿ ಒಂದೊಂದು ಪಾದವೂ ಬಾತುಕೋಳಿಯ ಹಾಗೆ ಹರಡಿಕೊಂಡಿತು. ಆಗ ಸೀನಪ್ಪ ಕದಿರಮ್ಮನ ಕಾಲನ್ನು ನೋಡಿದ. ತಗಡಿನ ತಟ್ಟೆಯಲ್ಲಿ ಬಣ್ಣ ಹಾಕುತ್ತೇನೆ, ಅದ್ದಿಕೊಂಡು ನಡೆದುಬಿಡು ಎಂದ. ಜಯರಾಮಪ್ಪನನ್ನು ಕೇಳಿದ್ದಕ್ಕೆ ಅವನು, ಯಾರ ಕಾಲು ಎಂದು ಯಾರಿಗೂ ಗೊತ್ತಾಗಕೂಡದು, ಅಂಗಡಿ ತೆರೆಯುವ ಮೊದಲೇ ಮುಗಿಯಬೇಕು ಎಂದಿದ್ದ. ಕದಿರಮ್ಮ ತಲೆ ಬಗ್ಗಿಸಿಕೊಂಡೇ ಒಂದು ಮಾತು ಕೇಳಿದಳು. ಕೂಲಿ ಬೇಡ, ಗೇಟು ಬಿಡಿ ಎಂದಳು.

ಹಳೇಪೇಟೆಯ ಹಿಂದುಗಡೆಯ ತುದಿಯಲ್ಲಿ ಕೇರಿ. ಎರಡರ ನಡುವೆ ಸಮಿತಿಯವರು ಹಾಕಿಸಿದ ಕಬ್ಬಿಣದ ಗೇಟು. ಮೋರಿ ಕಟ್ಟಿದಾಗ ತೆರೆಯುತ್ತಿತ್ತು, ದನ ಸತ್ತಾಗ ತೆರೆಯುತ್ತಿತ್ತು, ಉಳಿದಂತೆ ಬೀಗ. ಸ್ಟೇಷನ್ನಿಗೆ ಹೋಗಬೇಕಾದ ಕೇರಿಯವರು ಗೂಡ್ಸ್ ಲೈನುಗಳನ್ನು ದಾಟಬೇಕು. ಅಲ್ಲಿ ಯಾವಾಗಲೂ ವ್ಯಾಗನ್ನುಗಳು ನಿಂತಿರುತ್ತಿದ್ದವು, ಅವುಗಳ ಹೊಟ್ಟೆಯ ಕೆಳಗೆ ನುಸುಳಬೇಕು. ಹೋದ ಆಷಾಢದಲ್ಲಿ ಕದಿರಮ್ಮನ ನಾದಿನಿ ಪಾಪಕ್ಕ ಹಾಗೆ ನುಸುಳುತ್ತಿದ್ದಾಗ ಎಲ್ಲೋ ದೂರದಲ್ಲಿ ಇಂಜಿನ್ನು ಬಂದು ತಗುಲಿತು. ವ್ಯಾಗನ್ನುಗಳು ಒಂದು ಮಾರು ಸರಿದು ನಿಂತವು, ಅಷ್ಟೆ. ಅವಳನ್ನು ಆಯ್ದು ಚಾಪೆಗೆ ಹಾಕಿದವಳು ಕದಿರಮ್ಮನೇ. ಈಗ ಅದೇ ದಾರಿಯಲ್ಲಿ ಮಗಳು ಮಂಗಮ್ಮ ದಿನವೂ ಬೆಳಗಿನ ಗಾಡಿಗೆ ಹೋಗುತ್ತಿದ್ದಳು, ಉರಿಗಾಂನ ಮನೆಗಳಲ್ಲಿ ಮುಸುರೆ ತಿಕ್ಕಲು. ಏಳು ತಿಂಗಳ ಬಸುರಿ. ಬಗ್ಗಿದರೆ ಹೊಟ್ಟೆ ಜಲ್ಲಿಗೆ ತಾಗುತ್ತಿತ್ತು.

ಹೆಜ್ಜೆ ಮುಗಿದ ದಿನದಿಂದ ಗೇಟು ತೆರೆದಿರುತ್ತದೆ ಎಂದು ಜಯರಾಮಪ್ಪ ಮಾತು ಕೊಟ್ಟ. ಸೀನಪ್ಪ ಕೇಳಿಸಿಕೊಂಡಿದ್ದ.

ಕದಿರಮ್ಮನಿಗೆ ಈ ಕೆಲಸ ಹೊಸದೂ ಆಗಿರಲಿಲ್ಲ. ಕೇರಿಯಲ್ಲಿ ಗಂಗಮ್ಮನಿಗೆ ದೀಪ ಮಾಡುವ ದಿನ ಮುತ್ತೈದೆಯೊಬ್ಬಳು ಬಾವಿಯ ಕಟ್ಟೆಯಿಂದ ಸುಣ್ಣದಲ್ಲಿ ಕಾಲದ್ದಿ ಮನೆವರೆಗೂ ನಡೆದು ಅಮ್ಮನನ್ನು ಕರೆತರುತ್ತಾಳೆ. ಹಿಂತಿರುಗಿ ನೋಡಬಾರದು. ಎಲ್ಲಕ್ಕಿಂತ ಹೆಚ್ಚಾಗಿ, ಹೆಜ್ಜೆ ಬೀದಿಯಲ್ಲಿ ನಿಲ್ಲಬಾರದು, ಒಂದು ಹೊಸ್ತಿಲು ಹತ್ತಲೇಬೇಕು. ನಡುಬೀದಿಯಲ್ಲಿ ಬಿಟ್ಟರೆ ಅಮ್ಮ ಅಲ್ಲೇ ನಿಂತುಬಿಡುತ್ತಾಳೆ, ಸಿಡುಬಾಗಿ ಮಕ್ಕಳ ಮೈಮೇಲೆ ಏಳುತ್ತಾಳೆ. ಕದಿರಮ್ಮನ ತಾಯಿಯೂ ನಡೆದಿದ್ದಳು, ಅವಳೂ ನಡೆದಿದ್ದಳು. ಅದಕ್ಕೇ ಅವಳ ಕಾಲು ಜಯರಾಮಪ್ಪನ ಹೊಸ್ತಿಲ ಮೇಲೆ ಹೋದದ್ದು. ಒಳಗೆ ನುಗ್ಗುವ ಆಸೆ ಅವಳಿಗೆ ಇರಲಿಲ್ಲ. ಆ ಅಂಗಡಿಗೆ ಕೇಡಾಗಬಾರದೆಂದೇ ಇಟ್ಟಿದ್ದಳು.

ಈಗ ಏಟು ತಿಂದ ಕಾಲನ್ನು ಊರಲಾರದೆ ಬೀದಿಯ ನಡುವೆ ನಿಂತಿದ್ದಳು. ಬಣ್ಣದ ತಟ್ಟೆ ಕೈಯಲ್ಲಿತ್ತು. ಕೆಲಸ ಮುಗಿಯಿತು, ಕಾಲು ತೊಳೆದುಕೋ ಎಂದ ಸೀನಪ್ಪ. ಅವಳು ತಲೆಯಾಡಿಸಿದಳು.

"ಇಂಗೆ ಬುಟ್ರೆ ಆಗಕಿಲ್ಲ ಕಣಣ್ಣ. ಎಲ್ಲಾದ್ರೂ ಒಂದು ಒಸ್ಲು ಅತ್ಲೇಬೇಕು."

"ಯಾವ ಒಸ್ಲು ಹತ್ತೀಯ ತಾಯಿ, ಇವನುಂಗಳು ಸಾಯ್ಸಿಬುಡ್ತಾನುಂಗ," ಎಂದ ಸೀನಪ್ಪ. ಹೆದರಿಕೆಯಾದಾಗ ಅವನ ಬಾಯಲ್ಲಿ ಕನ್ನಡ, ತಮಿಳು ಎರಡೂ ಕಲಸಿಹೋಗುತ್ತಿದ್ದವು.

"ನಮ್ದೈತಲ್ಲ," ಎಂದಳು ಕದಿರಮ್ಮ.

ಬಣ್ಣದಲ್ಲಿ ಮತ್ತೆ ಕಾಲದ್ದಿ ನಡೆದಳು. ಜಯರಾಮಪ್ಪ ಅಷ್ಟರಲ್ಲಿ ಒಳಗೆ ಹೋಗಿ ದೇವರ ಪಟಕ್ಕೆ ಊದುಬತ್ತಿ ಹಚ್ಚುತ್ತಿದ್ದ. ಕುಂಟುತ್ತ ನಡೆದದ್ದರಿಂದ ಬಲಗಾಲಿನ ಗುರುತು ಅಲ್ಲಿಂದಾಚೆಗೆ ಅರ್ಧಂಬರ್ಧ ಬಿತ್ತು. ಅಂಗಡಿ ದಾಟಿ, ಗಿರಣಿಯ ಗೋಡೆ ದಾಟಿ, ಕೊಟ್ಟ ಮಾತಿನಂತೆ ಅಂದು ಬೆಳಿಗ್ಗೆ ತೆರೆದಿದ್ದ ಗೇಟಿನೊಳಗೆ ಹಾದು ಹೋದಳು. ಕೇರಿಯ ಮಣ್ಣುನೆಲಕ್ಕೆ ಎಣ್ಣೆಬಣ್ಣ ಹಿಡಿಯಲಿಲ್ಲ. ನೆರೆಮನೆಯ ಮುನಿಶಾಮಮ್ಮ ತನ್ನ ಮನೆಯ ಮುಂದಿನ ತೊಟ್ಟಿಯಿಂದ ಸುಣ್ಣ ತಂದುಕೊಟ್ಟಳು. ಅದರಲ್ಲಿ ಅದ್ದಿ ಅದ್ದಿ ಕದಿರಮ್ಮ ತನ್ನ ಮನೆಯ ಹೊಸ್ತಿಲು ಹತ್ತಿ ಒಳಗೆ ಹೋಗಿ ಕೂತಳು. ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಅವಳು ಬೇರೇನೂ ಎಣಿಸಿರಲಿಲ್ಲ.

ಜನ ಬಂದರು. ಮಾರಿಕುಪ್ಪಂ ಗಾಡಿಗೆ ಕಾಯುವವರು ನವಿಲು ನೋಡಿ ನಿಂತರು, ಹೆಜ್ಜೆ ನೋಡಿ ನಡೆದರು. ಅದು ದೇವಿಯ ಪಾದವೆಂದು ಯಾರೂ ಹೇಳಿರಲಿಲ್ಲ. ಆದರೆ ಬಿಳಿಯ ಪಾದ ಕಂಡರೆ ನಮ್ಮ ಹೆಂಗಸರ ಕೈ ಸುಮ್ಮನಿರದು. ಮೊದಲ ದಿನವೇ ಯಾರೋ ಕುಂಕುಮ ಇಟ್ಟರು, ಮಧ್ಯಾಹ್ನದ ಹೊತ್ತಿಗೆ ಹೂ ಬಿತ್ತು. ಹೆಜ್ಜೆ ಅಂಗಡಿಯಿಂದಾಚೆಗೂ ಹೋಗಿದ್ದನ್ನು ಜಯರಾಮಪ್ಪ ಸಂಜೆಯೇ ನೋಡಿದ. ಹಲ್ಲು ಕಚ್ಚಿದ. ಆದರೆ ಅಷ್ಟರಲ್ಲಿ ಬೀದಿಯಲ್ಲಿ ಜನವೋ ಜನ. ಬಿಳಿ ಪಾದ ಅಂಗಡಿಯ ಮುಂದೆ ಬಂದಿದೆ, ಸಾಕ್ಷಾತ್ ಲಕ್ಷ್ಮಿ ಎಂದು ಅವನ ಹೆಂಡತಿ ವೆಂಕಟರತ್ನಮ್ಮ ಸಗಣಿ ಸಾರಿಸಿ, ರಂಗೋಲಿ ಇಟ್ಟು, ಅಂಗಡಿಯ ಮುಂದಿನ ಪಾದಕ್ಕೆ ಅರಿಶಿನ ಕುಂಕುಮ ಹಚ್ಚಿ, ಆ ಬೆರಳನ್ನೇ ಕಣ್ಣಿಗೊತ್ತಿಕೊಂಡಿದ್ದಳು. ಅದು ಯಾರ ಕಾಲು ಎಂದು ಅವನು ಅವಳಿಗೆ ಹೇಳಲಿಲ್ಲ. ಅದು ಅವಳ ದಿನದ ಪೂಜೆಯಾಯಿತು.

ಗೇಟೂ ತೆರೆದೇ ಇತ್ತು. ಮಂಗಮ್ಮ ಬೆಳಿಗ್ಗೆ ನೆಟ್ಟಗೆ ನಿಂತು, ಸೆರಗು ಹೊದ್ದು, ಬೀದಿಯ ನಡುವೆ ನಡೆದು ಗಾಡಿಗೆ ಹೋದಳು. ಅವಳು ತಿರುವಿನಲ್ಲಿ ಮರೆಯಾಗುವವರೆಗೂ ಕದಿರಮ್ಮ ಗೇಟಿನ ಕಂಬ ಹಿಡಿದು ನೋಡುತ್ತಿದ್ದಳು. ಹೆಜ್ಜೆ ಹಿಡಿದು ಬಂದವರಲ್ಲಿ ಕೆಲವರು ಅಂಗಡಿಗಳನ್ನು ದಾಟಿ ಕೇರಿಗೂ ಬರುತ್ತಿದ್ದರು. ಹೆಜ್ಜೆ ಎಲ್ಲಿಗೆ ಹೋಗುತ್ತದೆಯೋ ಅಲ್ಲಿಯವರೆಗೆ ಹೋಗುವುದು ಅವರ ಪಾಲಿಗೆ ಸಹಜವಾಗಿತ್ತು. ಬಂದವರಿಗೆ ಮುನಿಶಾಮಮ್ಮ ಬೇಯಿಸಿದ ಕಡಲೇಕಾಯಿ ಮಾರಿದಳು. ನಮ್ಮ ನೆರಳಿಗೂ ಹೇಸುತ್ತಿದ್ದ ಜನ ಈಗ ನಮ್ಮ ಬುಟ್ಟಿಗೇ ಕೈ ಹಾಕುತ್ತಿದ್ದಾರೆ ನೋಡು ಎಂದು ಅವಳು ನಕ್ಕಾಗ ಕದಿರಮ್ಮನಿಗೆ ನಗು ಬರಲಿಲ್ಲ. ಅವಳ ಕಣ್ಣು ಗೇಟಿನ ಮೇಲೇ ಇರುತ್ತಿತ್ತು.

ಒಂದು ದಿನ ಕುಪ್ಪಂ ಕಡೆಯ ಮುದಿ ಗಂಡಹೆಂಡತಿ ಹೆಜ್ಜೆ ಹಿಡಿದು ಕದಿರಮ್ಮನ ಜಗಲಿಗೆ ಬಂದು ಕೂತರು. ಮುದುಕ ಏದುಸಿರು ಬಿಡುತ್ತಿದ್ದ. ಮುದುಕಿ ನೀರು ಕೇಳಿದಳು. ಇದು ಕೇರಿ ಎಂದಳು ಕದಿರಮ್ಮ. ನೀರು ಕೇಳಿದೆ, ಊರು ಕೇಳಲಿಲ್ಲ ಎಂದಳು ಮುದುಕಿ. ಕುಡಿದ ಮೇಲೆ, ಈ ಪಾದ ಬರೆದವರು ಯಾರು ಎಂದು ವಿಚಾರಿಸಿದಳು. ಸುಳ್ಳು ಹೇಳುವಷ್ಟು ಹೊತ್ತು ಸಿಗದೆ ಕದಿರಮ್ಮ ನಂದೇ ಎಂದುಬಿಟ್ಟಳು. ಮುದುಕಿ ಅವಳ ಕಾಲನ್ನು ಸುಣ್ಣದ ಗುರುತಿನ ಮೇಲೆ ಇಡಿಸಿ ನೋಡಿದಳು. ಸರಿಯಾಗಿ ಕೂತಿತು. ಮುದುಕಿ ಎದ್ದು ಹೋದಳು.

ಹೋದದ್ದು ಜಯರಾಮಪ್ಪನ ಅಂಗಡಿಗೆ, ಒಂದು ರವಿಕೆ ಕಣ ಕೊಳ್ಳಲು. ಅಂಗಡಿಯಲ್ಲಿ ಗಿರಾಕಿಗಳಿದ್ದರು. ವೆಂಕಟರತ್ನಮ್ಮ ಆಗಷ್ಟೇ ಹೊರಗಿನ ಪಾದಕ್ಕೆ ಕುಂಕುಮ ಇಟ್ಟು ಒಳಗೆ ಬಂದಿದ್ದಳು.

"ಒಳ್ಳೇದು ಕೊಡಪ್ಪಾ," ಎಂದಳು ಮುದುಕಿ. "ಇಂದ್ಗಡೆ ಕೇರಿಯಾಗೆ ಒಬ್ಬಾಯಮ್ಮ ನೀರು ಕೊಟ್ಲು, ಆಯಮ್ಮಂಗೇ ಇದು. ನೀನು ಪೂಜೆ ಮಾಡ್ತಾ ಇದ್ದೀಯಲ್ಲಮ್ಮ, ಆ ಪಾದ ಆಯಮ್ಮಂದೇ. ನಾನೇ ಕಾಲು ಇಡ್ಸಿ ನೋಡ್ದೆ."

ವೆಂಕಟರತ್ನಮ್ಮ ತನ್ನ ಬೆರಳಿನ ತುದಿಯ ಕೆಂಪನ್ನು ನೋಡಿಕೊಂಡಳು. ಆಮೇಲೆ ಗಂಡನನ್ನು ನೋಡಿದಳು.

"ನಿಮ್ಗೆ ಗೊತ್ತಿತ್ತಾ?"

ಅವನು ಕೈಯಲ್ಲಿದ್ದ ರವಿಕೆ ಕಣವನ್ನು ಮಡಿಸತೊಡಗಿದ. ಅವಳು ಬಾಗಿಲಿಗೆ ಹೋಗಿ ವಾಂತಿ ಮಾಡಿಕೊಂಡಳು. ಗಿರಾಕಿಗಳಲ್ಲಿ ಯಾರೋ ಗಂಟಲಲ್ಲೇ ನಕ್ಕರು. ಜಯರಾಮಪ್ಪ ಗಲ್ಲಾಪೆಟ್ಟಿಗೆಯ ಮೇಲಿದ್ದ ಗಜಕಡ್ಡಿ ಎತ್ತಿಕೊಂಡ.

ಮೊದಲು ಸಿಕ್ಕಿದವನು ಸೀನಪ್ಪ. ಗಿಣಿಯ ಕೊಕ್ಕಿಗೆ ಎರಡನೆಯ ಸಲ ಕೆಂಪು ಹಚ್ಚುತ್ತಿದ್ದ. ಜಯರಾಮಪ್ಪನೂ ಆಳುಗಳೂ ಅವನನ್ನು ಏಣಿಯಿಂದ ಎಳೆದು ಕೆಡವಿದರು. ಕೈ ಹಿಡಿಯೋ ಎಂದಾಗ ಆಂಜಿನಪ್ಪ ಅವನ ಬಲಗೈಯನ್ನು ಚಪ್ಪಡಿಗೆ ಒತ್ತಿ ಹಿಡಿದ. ಸೀನಪ್ಪನಿಗೆ ಏನಾಗಲಿದೆ ಎಂದು ತಿಳಿಯಿತು.

"ಸಾಮಿ, ಎಡಗೈ ತಗಳಿ. ಬಲಗೈ ಬ್ಯಾಡ ಸಾಮಿ. ಎಡಗೈ ತಗಳಿ."

"ಬೋಳಿಮಗ್ನೆ, ಅದ್ರಾಗೂ ಯಾಪಾರಾನಾ," ಎಂದ ಜಯರಾಮಪ್ಪ.

ಕಡ್ಡಿ ಬೀಳುತ್ತಿದ್ದರೆ ಕಲ್ಲಿನ ಮೇಲೆ ಕಬ್ಬಿಣದ ಸದ್ದೂ, ನಡುನಡುವೆ ಬೇರೊಂದು ಸದ್ದೂ ಕೇಳುತ್ತಿತ್ತು. ಆಂಜಿನಪ್ಪ ಮುಖ ತಿರುಗಿಸಿಕೊಂಡಿದ್ದ, ಕೈ ಮಾತ್ರ ಬಿಡಲಿಲ್ಲ. ಬೆರಳುಗಳು ಬೆರಳುಗಳ ಹಾಗೆ ಕಾಣದಾದ ಮೇಲೆ ಬಿಟ್ಟರು. ಅಂಗಡಿಗಳವರು ಬಾಗಿಲಲ್ಲಿ ನಿಂತಿದ್ದರು. ಪೋಸ್ಟಾಫೀಸಿನ ಗುಮಾಸ್ತನೊಬ್ಬ ಸೈಕಲ್ ಇಳಿದು ನೋಡಿ ಮತ್ತೆ ಹತ್ತಿಹೋದ.

ಕದಿರಮ್ಮನನ್ನು ಮನೆಯಿಂದ ಜುಟ್ಟು ಹಿಡಿದು ತಂದರು. ಗೇಟಿನ ಹತ್ತಿರ ಅವಳು ಕಂಬ ಅಪ್ಪಿಕೊಂಡಳು. ಹೊಟ್ಟೆಗೆ ಒದ್ದು ಬಿಡಿಸಿದರು. ಅವಳನ್ನು ಪೇಟೆಯ ಕಡೆಗೆ ಎಳೆದುಕೊಂಡ ಮೇಲೆ ಗೇಟಿಗೆ ಸರಪಳಿ ಸುತ್ತಿ ಬೀಗ ಹಾಕಿದರು. ಆ ಸದ್ದು ಕೇಳಿದ ಮೇಲೆ ಅವಳು ಬಿಡಿಸಿಕೊಳ್ಳಲು ನೋಡಲಿಲ್ಲ.

ಬಟ್ಟೆ ಒಗೆಯುವ ಕಾಸ್ಟಿಕ್ ಸೋಡವನ್ನು ಬಕೆಟ್ಟಿನಲ್ಲಿ ಕಲಸಿ ತಂದಿಟ್ಟರು. ತೆಂಗಿನ ನಾರು ಕೊಟ್ಟರು.

"ತಿಕ್ಕೇ. ಒಂದೊಂದನ್ನೂ ತಿಕ್ಕು. ನಿನ್ ಕಾಲಿನ್ ಗುರ್ತು ಈ ಬೀದಿಯಾಗೆ ಒಂದೂ ಉಳೀಬಾರ್ದು. ನಮ್ಮನೆ ಎಂಗಸಿನ್ ಕೈಲಿ ಕಾಲು ಮುಟ್ಟಿಸ್ಕೊಂಡ್ಯಲ್ಲೇ ಲಂಜೆ."

ಸ್ಟೇಷನ್ನಿನ ಬಾಗಿಲಿಂದ ಮಂಡಿಯೂರಿ ತಿಕ್ಕುತ್ತ ಬಂದಳು. ಮೊದಮೊದಲು ಅಂಗೈ ಉರಿಯಿತು. ಆಮೇಲೆ ಉರಿಯುವುದು ನಿಂತು ಜಾರತೊಡಗಿತು, ಚರ್ಮ ನಾರಿಗೆ ಹತ್ತಿಕೊಂಡು ಬರುತ್ತಿತ್ತು. ತಡವಾದರೆ ಬೆನ್ನಿಗೆ ಕಡ್ಡಿ ಬೀಳುತ್ತಿತ್ತು. ಗಾಡಿ ಇಳಿದು ಬಂದವರು ಪಕ್ಕಕ್ಕೆ ಸರಿದು, ಸೀರೆಯ ನೆರಿಗೆ ಎತ್ತಿಕೊಂಡು ದಾಟಿಹೋದರು. ಕೆಲವು ಪಾದಗಳ ಮೇಲೆ ಕುಂಕುಮ ದಪ್ಪಗೆ ಕೂತಿತ್ತು. ಅದು ಸೋಡದ ನೀರಿಗೆ ಬಿಟ್ಟುಕೊಂಡು ಹರಿಯಿತು. ಅದರಲ್ಲಿ ಅವಳ ಕೈಯದು ಎಷ್ಟು, ಕುಂಕುಮದ್ದು ಎಷ್ಟು ಎಂದು ಹೇಳುವಂತಿರಲಿಲ್ಲ. ಅಂಗಡಿಯ ಮುಂದಿನ ಪಾದವನ್ನು ತಿಕ್ಕುವಾಗ ತಲೆಯೆತ್ತಿ ನೋಡಿದಳು. ವೆಂಕಟರತ್ನಮ್ಮ ತಲೆಗೆ ಸ್ನಾನ ಮಾಡಿ, ಒದ್ದೆ ಕೂದಲು ಬಿಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದಳು. ಕಣ್ಣು ಕೂಡಿದ್ದೇ ಒಳಗೆ ಸರಿದಳು.

ಗೇಟಿನವರೆಗೂ ತಿಕ್ಕಿಸಿದರು. ಆಮೇಲೆ ಗೇಟು ತೆಗೆದು ಕಳಿಸಲಿಲ್ಲ. ಗೂಡ್ಸ್ ಲೈನಿನ ಕಡೆ ಕೈ ತೋರಿಸಿದರು. ಹಿಡಿದುಕೊಳ್ಳಲು ಅಂಗೈಯಿಲ್ಲದೆ ಅವಳು ಮೊಣಕೈಯೂರಿ ವ್ಯಾಗನ್ನಿನ ಕೆಳಗೆ ತೆವಳಿ ಮನೆ ಸೇರಿದಳು.

ಮುನಿಶಾಮಮ್ಮ ಹರಳೆಣ್ಣೆ ಹಚ್ಚಿ ಹಳೇ ಸೀರೆಯ ಬಟ್ಟೆ ಸುತ್ತಿದಳು. ಕೇರಿಯ ಗಂಡಸರು ಜಗಲಿಯ ಮೇಲೆ ಕೂತು ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟು ಕೊಡೋಣವೇ, ಕೋಲಾರಕ್ಕೇ ಹೋಗೋಣವೇ ಎಂದು ಮಾತಾಡಿದರು. ಮಾತು ಮಾತಾಗಿಯೇ ಉಳಿಯಿತು.

ಬೆಳಗಾಯಿತು. ಮಂಗಮ್ಮ ತಲೆ ಬಾಚಿ, ಗಾಡಿಗೆ ಹೊತ್ತಾಯಿತೆಂದು ಲೈನಿನ ಕಡೆ ಹೊರಟಳು. ಅಲ್ಲಿ ಕಲ್ಲಿದ್ದಲಿನ ವ್ಯಾಗನ್ನುಗಳು ಉದ್ದಕ್ಕೆ ನಿಂತಿದ್ದವು, ಇಂಜಿನ್ನು ಎಲ್ಲಿದೆಯೋ ಕಾಣುತ್ತಿರಲಿಲ್ಲ. ಕದಿರಮ್ಮ ಅಡ್ಡ ನಿಂತಳು.

"ಅದರ ಕೆಳಕ್ಕೆ ನೀನು ಓಗಾಕಿಲ್ಲ."

"ಇನ್ನೆಲ್ಲಿಂದ ಓಗ್ಲವ್ವ? ಆರ್ಕೊಂಡು ಓಗ್ಲಾ?" ಎಂದಳು ಮಂಗಮ್ಮ. ಅವಳ ದನಿಯಲ್ಲಿ ಸಿಟ್ಟಿತ್ತು, ಅದರ ಕೆಳಗೆ ಅಳುವಿತ್ತು.

ಕದಿರಮ್ಮ ಗಂಡಸರ ಹತ್ತಿರ ಹೋದಳು. ಹಾರೆ ತರಲು ಹೇಳಿದಳು. ಯಾರೂ ಏಳಲಿಲ್ಲ. ಆಗ ಅವಳು ಸುಣ್ಣ ಬೇಯಿಸುವ ಅರ್ಧ ಡ್ರಮ್ಮನ್ನು ಕಾಲಿನಿಂದ ಒದ್ದು ಉರುಳಿಸಿದಳು. ಅದು ಗಡಗಡ ಸದ್ದು ಮಾಡುತ್ತ ಕೇರಿಯ ಉದ್ದಕ್ಕೂ ಉರುಳಿತು. ಅವಳು ಹಿಂದೆಯೇ ಒದೆಯುತ್ತ ಒದೆಯುತ್ತ ಗೇಟಿನವರೆಗೂ ತಂದಳು. ಮುನಿಶಾಮಮ್ಮ ಎರಡು ಬುಟ್ಟಿ ಸುಟ್ಟ ಸುಣ್ಣದ ಕಲ್ಲು ಹೊತ್ತು ತಂದಳು. ಡ್ರಮ್ಮು ನೆಟ್ಟಗೆ ನಿಂತಿತು. ಕಲ್ಲು ಬಿತ್ತು, ಮೇಲೆ ಎರಡು ಬಿಂದಿಗೆ ನೀರು ಬಿತ್ತು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕಲ್ಲುಗಳು ಒಡೆದು, ಬುಸುಗುಟ್ಟಿ, ಬಿಳಿಯ ಹಬೆ ಆಳೆತ್ತರಕ್ಕೆ ಏಳತೊಡಗಿತು.

ಹಾರೆ ತಂದವರು ಕೊನೆಗೂ ಹೆಂಗಸರೇ. ಗೇಟನ್ನು ಒಡೆಯಬೇಕಾಗಲಿಲ್ಲ. ತಿರುಗಣೆಯ ಗೂಟದಿಂದ ಮೇಲಕ್ಕೆ ಮೀಟಿದರು, ಅದು ಸರಪಳಿಯ ಸಮೇತ ಕಳಚಿ ಹಳೇಪೇಟೆಯ ಚಪ್ಪಡಿಯ ಮೇಲೆ ಬಿತ್ತು. ಅದರ ಸದ್ದಿಗೆ ಆಗತಾನೇ ತೆರೆಯುತ್ತಿದ್ದ ಅಂಗಡಿಗಳಿಂದ ಜನ ಓಡಿಬಂದರು. ಮುಂದೆ ಜಯರಾಮಪ್ಪ, ಕೈಯಲ್ಲಿ ಕಡ್ಡಿ, ಹಿಂದೆ ಆಂಜಿನಪ್ಪ ಮತ್ತು ಗಿರಣಿಯ ಮೂವರು ಆಳುಗಳು.

ಕದಿರಮ್ಮ ಉದ್ದ ಹಿಡಿಯ ತಗಡಿನ ಸೌಟನ್ನು ಎರಡು ಮುಂಗೈಗಳ ನಡುವೆ ಸಿಕ್ಕಿಸಿಕೊಂಡು ಡ್ರಮ್ಮಿಗೆ ಅದ್ದಿದಳು. ಎತ್ತಿದ ಸೌಟಿನಲ್ಲಿ ಸುಣ್ಣ ಇನ್ನೂ ಗುಳ್ಳೆ ಒಡೆಯುತ್ತಿತ್ತು. ಮೊದಲ ಸೌಟನ್ನು ನೆಲಕ್ಕೇ ಎರಚಿದಳು. ಅದು ಜಯರಾಮಪ್ಪನ ಕಾಲಿನ ಮುಂದೆ ಬಿದ್ದು, ಹನಿಗಳು ಪಂಚೆಗೆ ಸಿಡಿದು, ಚರ್ಮಕ್ಕೆ ತಾಗಿದಲ್ಲಿ ಅವನು ಕೂಗಿಕೊಂಡ. ಒಂದು ಮಾರು ಹಿಂದಕ್ಕೆ ಹಾರಿದ.

"ಓಗ್ಲಾ ಆಂಜಿನಪ್ಪ. ಓಗಿ ಕೆಡವ್ಲಾ ಅವಳ್ನ. ಏನ್ಲಾ ನೋಡ್ತಾ ನಿಂತೆ ಬೇವರ್ಸಿ."

ಆಂಜಿನಪ್ಪ ನಾಲ್ಕು ಹೆಜ್ಜೆ ಮುಂದೆ ಬಂದ. ಹಬೆಯ ಈಚೆಗೆ ಅವನು, ಆಚೆಗೆ ಅವಳು. ಸೌಟು ಅವನ ಮುಖದ ಎತ್ತರಕ್ಕೆ ಏರಿತು. ಏರಿ ಅಲ್ಲೇ ನಿಂತಿತು.

"ನೀನು ಬರ್ಬ್ಯಾಡ ಕಣಣ್ಣ," ಎಂದಳು ಕದಿರಮ್ಮ. ಬಟ್ಟೆ ಸುತ್ತಿದ ಅವಳ ಕೈಯಿಂದ ನೀರು ಬಸಿಯುತ್ತಿತ್ತು. "ನಿನ್ ಕಣ್ಣು ತಗ್ದು ನನ್ಗೇನಾಗ್ಬೇಕು. ಅವ್ನ ಕಳ್ಸು."

ಆಂಜಿನಪ್ಪ ಹಿಂತಿರುಗಿ ಯಜಮಾನನನ್ನು ನೋಡಿದ. ಜಯರಾಮಪ್ಪ ಬೈಯುತ್ತಿದ್ದ, ಅವನ ತಾಯಿಯನ್ನು, ಅವನು ತಿಂದ ಅನ್ನವನ್ನು. ಆದರೆ ಇದ್ದಲ್ಲಿಂದ ಒಂದಡಿ ಮುಂದೆ ಬರಲಿಲ್ಲ. ಆಂಜಿನಪ್ಪನೂ ಮುಂದೆ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ.

ಸ್ಟೇಷನ್ನಿನಲ್ಲಿ ಗಂಟೆ ಹೊಡೆಯಿತು. ಕದಿರಮ್ಮ ತಲೆ ತಿರುಗಿಸದೆ ಮಗಳಿಗೆ ನಡಿ ಎಂದಳು. ಮಂಗಮ್ಮ ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ಬಿದ್ದಿದ್ದ ಗೇಟಿನ ಸರಳುಗಳ ನಡುವೆ ಕಾಲಿಡುತ್ತ ದಾಟಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಬುಟ್ಟಿ ಹೊತ್ತ ಇಬ್ಬರು. ಆಂಜಿನಪ್ಪನ ಪಕ್ಕದಲ್ಲೇ, ಅವನ ಮೈ ತಾಗುವಷ್ಟು ಹತ್ತಿರದಲ್ಲಿ ಹಾದು ಹೋದರು.

ಗಿಣಿಯ ಗೋಡೆಯ ತಿರುವಿನಲ್ಲಿ, ಅಂಗಡಿಯವರು ಹೇಳಿಕಳಿಸಿದ್ದ ಪೊಲೀಸರು ಕಾಣಿಸಿಕೊಂಡರು. ಲಾಠಿ ಹಿಡಿದ ಇಬ್ಬರು ನಡೆದು ಬರುತ್ತಿದ್ದರು, ಅವರ ಹಿಂದೆ ಒಂದು ಜೀಪು. ಜಯರಾಮಪ್ಪ ಅವರ ಕಡೆ ಓಡಿದ. ಡ್ರಮ್ಮಿನ ಕುದಿ ಇಳಿಯುತ್ತಿತ್ತು.

"ಇನ್ನೊಂದು ಬುಟ್ಟಿ ಆಕು," ಎಂದಳು ಕದಿರಮ್ಮ ಮುನಿಶಾಮಮ್ಮನಿಗೆ. "ನೀರೂ ಉಯ್ಯಿ."